‘ಇತರೆ’ ಅಂತ ಒಂದು ಹಾಕಪಾ!

ನಿಮ್ಮ ಮೊಬೈಲು ಒಂಚೂರು ತಗೀರಿ. (ಹೆದರಬ್ಯಾಡ್ರಿ, ಮೆಸೇಜ್ ನೋಡಂಗಿಲ್ಲ.) ಕಾಂಟ್ಯಾಕ್ಟ್ ಲಿಸ್ಟಿನಾಗ ‘ಮಂಜು’ ಅಂತ ಹೊಡೀರಿ. ಮಂಜು ಗ್ಯಾಸ್, ಮಂಜು ಮಾವ, ಮಂಜು ಪಾಲಿಫೈಬರ್, ಮಂಜು ಎತ್ತಬ್ಯಾಡ... ಬಂದ್ವಿಲ್ಲೋ? ಹೆಸರು ಬರಿಯೋ ಜಾಗದಾಗ ಕೆಲಸ, ಸಂಬಂಧ, ಸಿಟ್ಟು ಎಲ್ಲಾ ತುರುಕಿ ಕುಂತೀರಿ!

ಇದಕ್ಕ ಡೇಟಾಬೇಸ್ ಡಿಸೈನ್ ಅಂತಾರ. ನೀವು ಪುಕ್ಕಟೆ ಮಾಡೀರಿ, ಬೆಂಗಳೂರಾಗ ಪಗಾರ ಕೊಡ್ತಾರ. ಇನ್ನ ನಮ್ಮ ಕುಮಾರಪಟ್ಟಣದವ್ರಿಗೆ ಇದು ಹುಟ್ಟಿದಾಗಿಂದ ಬಂದ ವಿದ್ಯೆ. ಊರಾಗಿನ ಪಾಲಿಫೈಬರ್ ಫ್ಯಾಕ್ಟರಿ ಹೆಸರು ಹರಿಹರದ್ದು, ತಾಲೂಕು ರಾಣೆಬೆನ್ನೂರು, ಜಿಲ್ಲಾ ಹಾವೇರಿ, ಹೊಳಿ ದಾಟಿದ್ರ ದಾವಣಗೆರೆ ಜಿಲ್ಲಾ. ನಮ್ಮ ವಿಳಾಸಕ್ಕ ಒಂದು ಕಾಲಮ್ಮು ಸಾಲ್ತದೇನ್ರೀ?

ಈಗ ನಿಮ್ದೊಂದು ದಲಾಲಿ ಅಂಗಡಿ ಐತಿ ಅಂತ ಇಟ್ಕೊಳ್ರಿ. ಮಗ ರಜಾಕ್ಕ ಬಂದಾನ, ‘ಅಪ್ಪಾ, ಕಿರ್ದಿ ಬುಕ್ಕು ಸಾಕು, ಕಂಪ್ಯೂಟರಿಗೆ ಹಾಕೋಣು’ ಅಂತಾನ. ಮೆಣಸಿನಕಾಯಿ ಬರ್ತದ, ಹತ್ತಿ ಬರ್ತದ, ಗೋವಿನಜೋಳ ಬರ್ತದ. ರೈತನ ಹೆಸರು, ತಾರೀಖು, ಚೀಲ, ತೂಕ, ದರ ಮೂರಕ್ಕೂ ಬೇಕು. ತೇವಾನೂ ಮೂರಕ್ಕೂ ನೋಡಬೇಕು. ಇಲ್ಲೀತನಕ ಜಗಳ ಇಲ್ಲ.

ಮುಂದ ಐತಿ ನೋಡ್ರಿ ಮಜಾ. ಬ್ಯಾಡಗಿ ಕಾಯಿ ಅಂದ್ರ ಬಣ್ಣ. ಕೆಂಪು ಜಾಸ್ತಿ, ಖಾರ ಕಡಿಮಿ. 2011ರಾಗ ಜಿ.ಐ. ಟ್ಯಾಗ್ ಸಿಕ್ಕ ಕಾಯಿ ಅದು. ಅದರ ಬಣ್ಣ ತಗಿಯೋ ಕಂಪನಿಯವ್ರು ಬಣ್ಣಾನ ಅಳದು ನೋಡ್ತಾರ. ಮ್ಯಾಲೆ ಕಾಯಿ ಜಾತಿ ಡಬ್ಬಿಯೋ ಕಡ್ಡಿಯೋ ಬರೀಬೇಕು. ಹತ್ತಿಗೆ ಎಳಿ ಉದ್ದ ಬೇಕು. ಗೋವಿನಜೋಳದ ಎಳಿ ಉದ್ದ ಎಷ್ಟು ಅಂತ ಕೇಳಿದ್ರ ಹಮಾಲ ನಿಮ್ಮ ಮುಖಾ ನೋಡ್ತಾನ.

ಮೂರಕ್ಕೂ ಬ್ಯಾರೆ ಬ್ಯಾರೆ ಟೇಬಲ್ ಮಾಡಿದ್ರ? ಮಾಡ್ರಿ. ಸಂಜೀಕ ‘ಇವತ್ತಿನ ಒಟ್ಟು ವ್ಯಾಪಾರ ಎಷ್ಟೋ?’ ಅಂತ ನೀವೇ ಕೇಳ್ತೀರಿ, ಅವ ಮೂರು ಕಡೆ ತಡಕಾಡ್ತಾನ. ಮುಂದಿನ ವರ್ಷ ಶೇಂಗಾ ಬಂತು ಅಂದ್ರ ನಾಲ್ಕನೇದು. (ಆವಾಗ ಅವಂಗ ರಜಾ ಇರಂಗಿಲ್ಲ.)

ಎಲ್ಲಾ ಒಂದ ಟೇಬಲ್ಲಿನಾಗ ಹಾಕಿದ್ರ ಖಾಲಿ ಮನೀಗಳ ಕಾಟ. ಜೋಳದ ಸಾಲಿನಾಗ ಬಣ್ಣ ಖಾಲಿ, ಸರಿ, ಜೋಳಕ್ಕ ಅದು ಬೇಕಾಗಿಲ್ಲ. ಮೆಣಸಿನಕಾಯಿ ಸಾಲಿನಾಗೂ ಬಣ್ಣ ಖಾಲಿ. ಇದು ಯಾಕ? ಗುಮಾಸ್ತ ಚಾ ಕುಡಿಯಾಕ ಹೋಗಿದ್ದ! ಎರಡೂ ಖಾಲಿ ಕಂಪ್ಯೂಟರಿಗೆ ಒಂದ ಥರ ಕಾಣ್ತಾವು, ನಲ್ ಅಂತ ಕರೀತದ. ಆದ್ರ ‘ಈ ನಲ್ಲು ಆ ನಲ್ಲಿಗೆ ಸಮ ಏನಪಾ?’ ಅಂತ ಕೇಳ್ರಿ, ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್ ಹೌದು ಅನ್ನಂಗಿಲ್ಲ, ಇಲ್ಲಾನೂ ಅನ್ನಂಗಿಲ್ಲ. ಥೇಟ್ ನಿಮ್ಮ ಬೀಗರ ಗತಿ.

1970ರಾಗ ಈ ಟೇಬಲ್ ಶಾಸ್ತ್ರ ಹುಟ್ಟಿಸಿದವ್ರು ಐಬಿಎಂನ ಎಡ್ಗರ್ ಕಾಡ್. ಆಮ್ಯಾಲೆ 1990ರ ಪುಸ್ತಕದಾಗ ಅವ್ರು, ಖಾಲಿಯಾಗ ಎರಡು ಜಾತಿ ಮಾಡ್ರೋ ಅಂದ್ರು: ಇರಬೇಕಾದ್ದು ಗೊತ್ತಿಲ್ಲ ಅನ್ನೋದೊಂದು, ಅನ್ವಯಾನೇ ಆಗಂಗಿಲ್ಲ ಅನ್ನೋದೊಂದು. ಎಸ್‌ಕ್ಯೂಎಲ್‌ನಾಗ ಈಗೂ ಒಂದ ನಲ್. ದೊಡ್ಡವ್ರ ಮಾತು ಕೇಳೋ ಪದ್ಧತಿ ಅಲ್ಲೂ ಇಲ್ಲ.

ಹಂಗಾರ ಏನ ಮಾಡೋದು? ನನ್ನ ಕೇಳಿದ್ರ, ಮುಕ್ಕಾಲು ಕಾಲಮ್ಮು ಎಲ್ಲಾದಕ್ಕೂ ಒಂದ ಇದ್ವು ಅಂದ್ರ ಒಂದ ಟೇಬಲ್ ಇರ್ಲಿ. ‘ಬಗೆ’ ಅಂತ ಒಂದು ಕಾಲಮ್ಮು ಇಟ್ಟು, ಬಗೆ ಮೆಣಸಿನಕಾಯಿ ಆದ್ರ ಬಣ್ಣ ತುಂಬದ ಮುಂದ ಬಿಡಬ್ಯಾಡ ಅಂತ ಡೇಟಾಬೇಸಿಗೇ ತಾಕೀತು ಮಾಡ್ರಿ. ಗುಮಾಸ್ತನ ಚಾ ತಣ್ಣಗಾಗ್ತದ, ಆಗ್ಲಿ. ಒಂದೊಂದಕ್ಕೂ ತನ್ನದೇ ಹತ್ತಾರು ಕಾಲಮ್ಮು ಇದ್ರ, ಸಮಾನ ಇದ್ದದ್ದು ಒಂದು ಟೇಬಲ್ಲಿಗೆ, ಉಳಿದದ್ದು ಸಣ್ಣ ಸಣ್ಣ ಟೇಬಲ್ಲಿಗೆ, ನಡುವ ಲಾಟ್ ನಂಬರಿನ ಗಂಟು. ಇವಕ್ಕೆಲ್ಲಾ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2002ರಾಗ ಒಂದೊಂದು ಹೆಸರಿಟ್ಟಾನ, ಮಗನ್ನ ಕೇಳ್ರಿ, ಖುಷಿ ಆಗ್ತಾನ.

ಸರಕಾರಾನೂ ಹಿಂಗ ಬ್ಯಾರೆ ಬ್ಯಾರೆ ಕಾಲಮ್ಮು ಮಾಡೇತಿ ಅಂತೀರೇನು? ನಿಮ್ಮ ಹೊಲದ ಉತಾರ ತಗೀರಿ. 9ನೇ ಕಾಲಂ ಮಾಲಕಂದು, ಎದೀ ಉಬ್ಬಿಸಿ ತೋರಿಸ್ತೀರಿ. 11ನೇದಕ್ಕ ಬಂದಾಗ ಯಾಕ ಬೆರಳು ಅಡ್ಡ ಇಡ್ತೀರಿ? ಸೊಸೈಟಿ ಸಾಲ, ಬ್ಯಾಂಕಿನ ಬೋಜಾ, ಇನ್ನೊಬ್ಬರ ಹಕ್ಕು, ಕೋರ್ಟಿನ ತಡೆ ಎಲ್ಲಾ ಅಲ್ಲೇ ಮಲಗ್ಯಾವು. ‘ಭೂಮಿ’ ಯೋಜನೆಯಾಗ ಸುಮಾರು 2 ಕೋಟಿ ಉತಾರ ಕಂಪ್ಯೂಟರಿಗೆ ಹೋದ್ವು, ಆ ಕಾಲಮ್ಮೂ ಹಂಗ ಹೋತು. ಹೆಸರ ‘ಇತರೆ ಹಕ್ಕುಗಳು ಮತ್ತು ಋಣಗಳು’!

ಆ ‘ಇತರೆ’ ಮ್ಯಾಲೆ ನಿಮಗ ಎಷ್ಟು ಪ್ರೀತಿ ಅಂತ ನಂಗೊತ್ತು. ಮಗ ಪಾಪ, ಬಗೆಯ ಪಟ್ಟಿ ಮಾಡ್ಯಾನ: ಮೆಣಸಿನಕಾಯಿ, ಹತ್ತಿ, ಗೋವಿನಜೋಳ. ನೀವು ಹಿಂದಿಂದ ಬಗ್ಗಿ ನೋಡಿ ಅಂದ್ರಿ: ‘ಇತರೆ ಅಂತ ಒಂದು ಹಾಕಪಾ, ಇರ್ಲಿ.’

ಹಾಕಿದ. ಖಾಲಿ ಚೀಲ ಅದರಾಗ, ಮಳಿಗೆ ನೆಂದ ಲಾಟು ಅದರಾಗ, ಡ್ರೈವರ್ ಚಾದ ದುಡ್ಡು ಅದರಾಗ. ದೀಪಾವಳಿ ಲೆಕ್ಕಕ್ಕ ಕೂತ್ರ ಅರ್ಧ ಅಂಗಡಿ ಇತರೆ! ನಡುವ ಒಂದು ಸಾಲು: ಬೀಗರಿಗೆ ಕೈಗಡ. ಬಣ್ಣ ಖಾಲಿ, ತೇವ ಖಾಲಿ, ಎಳಿ ಉದ್ದ ಖಾಲಿ, ವಾಪಸ್ ಬರೋ ತಾರೀಖೂ ಖಾಲಿ. ಈ ಕಡೀದು ಕಾಡ್ ಸಾಹೇಬ್ರ ಯಾವ ಜಾತಿ ಖಾಲಿ ಅಂತೀರಿ, ಗೊತ್ತಿಲ್ಲದ್ದೋ, ಅನ್ವಯಾನೇ ಆಗದ್ದೋ? (ಮನಿಯವ್ರನ್ನ ಮಾತ್ರ ಕೇಳಬ್ಯಾಡ್ರಿ ಮತ್ತ, ಅದು ಅವ್ರ ತವರಿನ ಕಡೇದು.)