ಶೆಟ್ಟರು ಅಗೋಚರರಾದದ್ದು

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸಖರಾಯಪಟ್ಟಣದ ಆಬಾಲವೃದ್ಧರಿಗೂ ಕಣ್ಣು ಮುಚ್ಚಿದರೂ ದಾರಿ ತಪ್ಪದಂತಿರುವ ಶೆಟ್ಟರ ಕಿರಾಣಿ ಅಂಗಡಿಯು ಲೋಕಕ್ಕೇ ಅಗೋಚರವಾಗಿದೆಯೆಂಬ ದುರ್ವಾರ್ತೆಯನ್ನು, ಬೆಂಗಳೂರಿನಿಂದ ಬಂದಿಳಿದ ಅವರ ಸೋದರಳಿಯನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಅರುಹಿದನು.

"ಮಾವಾ, ಗೂಗಲ್‌ನಲ್ಲಿ ನೀವು ಇಲ್ಲವೇ ಇಲ್ಲ!"

"ಹಾಗಾದರೆ ಇಲ್ಲಿ ಬೇಳೆ ತೂಗುತ್ತಿರುವವನು ಯಾರಯ್ಯಾ?"

"ಹುಡುಕುವವನಿಗೆ ಬೇಕಾದುದಕ್ಕೆ ಹೊಂದಿಕೆ, ದೂರ, ಪ್ರಸಿದ್ಧಿ, ಈ ಮೂರನ್ನು ನೋಡಿ ಅದು ಅಂಗಡಿಗಳನ್ನು ಪಂಕ್ತಿಯಲ್ಲಿ ಕೂರಿಸುತ್ತದೆ. ದುಡ್ಡು ಕೊಟ್ಟರೂ ಮೇಲಿನ ಎಲೆ ಸಿಕ್ಕದು."

"ನಮ್ಮ ಮದುವೆ ಮನೆಗಳಿಗಿಂತ ಕಟ್ಟುನಿಟ್ಟು, ಅನ್ನು. ಐದು ನಕ್ಷತ್ರ ಕೊಟ್ಟವರಿಗೆ ಕಾಲು ಕೆ.ಜಿ. ಬೆಲ್ಲ ಕೊಡೋಣವೇ?"

"ಉಡುಗೊರೆಯಿತ್ತು ಹೊಗಳಿಸುವುದು ನಿಷಿದ್ಧ, ಮಾವಾ."

"ಹಾಗಾದರೆ ರಾಜಾಸ್ಥಾನಗಳು ನಡೆದದ್ದು ಹೇಗೋ?"

ಅಂತೂ ಅಂಗಡಿಯನ್ನು ಗೂಗಲ್‌ನಲ್ಲಿ ನಮೂದಿಸಲು ಕುಳಿತಾಗ, ಊರಿನ ಹೆಸರನ್ನು ಶಾಸನದ ಗಾಂಭೀರ್ಯದಿಂದ ಸಖರಾಯಪಟ್ಟಣವೆಂದು ಬರೆಯಬೇಕೋ, ಬಸ್ಸಿನ ನಿರ್ವಾಹಕನು ಕೂಗುವಂತೆ ಸಕ್ರೆಪಟ್ಟಣವೆನ್ನಬೇಕೋ ಎಂಬ ಜಿಜ್ಞಾಸೆಯಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಅಂಗಡಿಯ ಅಸ್ತಿತ್ವವನ್ನು ಸ್ಥಾಪಿಸಲು ನಾಮಫಲಕದ ವಿಡಿಯೊ ಬೇಕೆಂದು ಗೂಗಲ್ ಕೇಳಿದಾಗಂತೂ, ಅಂಗಡಿಗೆ ಇಂದಿನವರೆಗೆ ಫಲಕವೇ ಇರಲಿಲ್ಲವೆಂಬ ಸಂಗತಿ ಬೆಳಕಿಗೆ ಬಂದು, ಬಣ್ಣದವನನ್ನು ಕರೆಸಬೇಕಾಯಿತು. (ವ್ಯಾಪಾರಕ್ಕಿಂತ ಮೊದಲು ಲಾಭ ಕಂಡವನು ಅವನೊಬ್ಬನೇ.)

ವಾರ ಕಳೆದ ಮೇಲೆ ಮೊದಲ ಕರೆ ಬಂದಿತು.

"ಸಾರ್, ಅಯ್ಯನಕೆರೆ ಅಲ್ಲಿಗೆ ಹತ್ತಿರವೇ?"

ಶೆಟ್ಟರು ದಾರಿಯನ್ನೂ, ಹೊಯ್ಸಳರು 1156ರಲ್ಲಿ ಆ ಕೆರೆಯನ್ನು ಜೀರ್ಣೋದ್ಧಾರಗೊಳಿಸಿದ ವೃತ್ತಾಂತವನ್ನೂ ಸಾವಧಾನವಾಗಿ ನಿವೇದಿಸಿ, ತೊಗರಿಬೇಳೆಯ ಪ್ರಸ್ತಾಪಕ್ಕೆ ಬರುವಷ್ಟರಲ್ಲಿ,

"ಬೇಳೆ ಬೇಡ ಸಾರ್. ಎಷ್ಟು ಗಂಟೆಗೆ ತೆರೆಯುತ್ತೆ?"

"ಕೆರೆಗೆ ಬಾಗಿಲೆಲ್ಲಿ ಸ್ವಾಮಿ?"