ಲಿಂಬಿಯಷ್ಟು ಹುಣಸಿ

ಒಲೆ ಹಚ್ಚಬೇಕಾದ ಅಡುಗೆಯಲ್ಲಿ ನಮ್ಮ ಕಡೆಯ ಗಂಡಸರು ಬಾಯಿ ಹಾಕುವುದಿಲ್ಲ. ರೊಟ್ಟಿ ಎಷ್ಟು ತೆಳ್ಳಗೆ ಬಡಿಯಬೇಕು, ಎಣಗಾಯಿಗೆ ಗುರೆಳ್ಳು ಪುಡಿ ಎಷ್ಟು ಬೀಳಬೇಕು ಎಂದು ಹೇಳಹೋದವನಿಗೆ ‘ಬಾ, ನೀನ ಬಡಿ’ ಎಂಬ ಉತ್ತರ ಕಾದಿರುತ್ತದೆ. ಉರಿಯ ಮುಂದೆ ಕೂಡ್ರುವ ಧೈರ್ಯ ಯಾರಿಗಿದೆ? ಪಾನಕಕ್ಕೆ ಆ ಭಯವಿಲ್ಲ. ನೀರು, ಬೆಲ್ಲ, ಹುಳಿ, ಚಿಟಿಕೆ ಪುಡಿ, ತಿರುವಲು ಒಂದು ಸೌಟು. ಆದ್ದರಿಂದ ಚೈತ್ರ ಹುಟ್ಟಿತೆಂದರೆ ಕದರಮಂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತವರೆಲ್ಲ ಪಾನಕ ಪಂಡಿತರು. ಕುಟ್ಟುವುದು, ಸೋಸುವುದು, ಹರವಿ ತೊಳೆಯುವುದು ಹೆಂಗಸರ ಪಾಲಿಗೆ; ಪಾಂಡಿತ್ಯ ನಮ್ಮ ಪಾಲಿಗೆ.

ನಮ್ಮೂರ ಬಿಸಿಲು ಸಾಮಾನ್ಯದ್ದಲ್ಲ. ಅದರ ಮೇಲೆ ಬ್ಯಾಡಗಿ ಪೇಟೆಯ ಘಾಟು ಬೇರೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಗೆ ಹೋಗಿ ಬಂದವನ ಅಂಗಿ ಜಾಡಿಸಿದರೆ ಮನೆಮಂದಿಯೆಲ್ಲ ಸೀನುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರು ಇದನ್ನು ಕಂಡು, ಇಲ್ಲಿಯವರು ಖಾರ ತಿಂದು ತಿಂದು ಬಾಯಿ ಸುಟ್ಟುಕೊಂಡು ಪಾನಕ ಕುಡಿಯುತ್ತಾರೆ ಎಂದುಕೊಳ್ಳುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಬಣ್ಣ ಹಿಂಡಿ ತೆಗೆದು ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ಇನ್ನು ಖಾರದ ಉರಿಗೆ ಪಾನಕ ಮದ್ದೂ ಅಲ್ಲ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ. ಹಾಲು ಮಜ್ಜಿಗೆಯಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ಹೋಗುತ್ತದೆ. ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದವನು ನಾನು. ಈ ಮಾತನ್ನು ಹೇಳದೆ ಬಿಟ್ಟ ಬೇಸಿಗೆ ಒಂದೂ ಇಲ್ಲ. ಕೇಳಿದವರೂ ಇಲ್ಲ.

ತಮಾಷೆಯೆಂದರೆ, ಮೆಣಸಿನಕಾಯಿಯಿಂದಲೇ ಬದುಕುವ ಈ ಸೀಮೆಯ ಪಾನಕದಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ. ಅಲ್ಲಿ ಇಂದಿಗೂ ಕರಿಮೆಣಸಿನ ಕಾಳಿನದೇ ದರಬಾರು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಈ ನೆಲಕ್ಕೆ ಇಳಿದದ್ದು 16ನೆಯ ಶತಮಾನದಲ್ಲಿ. ಎಷ್ಟು ಕೆಂಪಗಾದರೂ, ಎಷ್ಟು ದುಡ್ಡು ತಂದರೂ, ದೇವರ ಪಾನಕದ ಮಟ್ಟಿಗೆ ಅದು ನಿನ್ನೆ ಮೊನ್ನೆ ಬಂದ ಬೀಗರೇ. ನಮ್ಮ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ನಂಬಿದ ಕನಕದಾಸರು ಚಿಕ್ಕಂದಿನಲ್ಲಿ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡಿರಲಿಕ್ಕಿಲ್ಲ ಎಂದರೆ ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ. ‘ಮತ್ತ ಏನ್ ತಿಂದಿರಬೇಕ್ರಿ, ಪಾಪ’ ಎಂದು ಮರುಗುತ್ತಾರೆ.

ಆ ಕನಕದಾಸರು ‘ಮೋಹನತರಂಗಿಣಿ’ ಬರೆದದ್ದು ನಮ್ಮೂರ ಹನುಮಪ್ಪನ ಗುಡಿಯಲ್ಲಿ ಎಂದು ಪ್ರತೀತಿ. ಹನುಮಪ್ಪ ಎಂದರೆ ಕಾಂತೇಶ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ನಮ್ಮ ಕಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಿದರೆ ಬಹಳ ಪುಣ್ಯ ಎಂಬ ನಂಬಿಕೆ ಇರುವುದರಿಂದ ಭಕ್ತರು ಸದಾ ಅವಸರದಲ್ಲಿರುತ್ತಾರೆ. ಬೇಸಿಗೆಯಲ್ಲಿ ಅವರ ಬಾಯಿ ಒಣಗಿರುತ್ತದೆ, ಕಾರಿನ ಎಂಜಿನ್ ಮಾತ್ರ ಆರಿರುವುದಿಲ್ಲ. ಗುಡಿಗೆ ಹೋಗುವ ದಾರಿಯಲ್ಲಿ ಮನೆಯಿದ್ದವರಿಗೆ ರಾಮನವಮಿಯ ದಿನ ಪಾನಕ ಮಾಡದೆ ಗತ್ಯಂತರವಿಲ್ಲ. ರಾಮನ ಹಬ್ಬ, ಹನುಮಪ್ಪನ ಊರು. ಹದ ತಪ್ಪಿದರೆ ರಾಮ ಏನೂ ಅನ್ನಲಿಕ್ಕಿಲ್ಲ, ಬಂಟ ಬಿಡುತ್ತಾನೆಯೇ?

ಇದಕ್ಕೊಂದು ಪೂರ್ವಾಭ್ಯಾಸ ಯುಗಾದಿಯ ದಿನವೇ ನಡೆದಿರುತ್ತದೆ. ಮೈಸೂರು ಕಡೆಯವರು ಬೇವು-ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಬಾಯಿಗೆ ಹಾಕಿಕೊಂಡು ಮುಗಿಸುತ್ತಾರೆ. ನಾವು ಬೇವನ್ನು ಲೋಟದಲ್ಲಿ ಕುಡಿಯುವವರು. ಬೆಲ್ಲದ ನೀರಿಗೆ ಹುಣಸೆ ಹುಳಿ, ಪುಟಾಣಿ ಹಿಟ್ಟು, ಕೊಬ್ಬರಿ, ಗಸಗಸೆ, ಉತ್ತತ್ತಿ, ದ್ರಾಕ್ಷಿ ಎಲ್ಲ ಬಿದ್ದ ಮೇಲೆ ಬೇವಿನ ಹೂವು ಹೆಸರಿಗಷ್ಟೇ ತೇಲುತ್ತದೆ. ವರ್ಷದ ಕಹಿಯನ್ನು ಇಷ್ಟು ಹೊಟ್ಟೆ ತುಂಬ ಕುಡಿಯುವ ಜನ ಬೇರೆಲ್ಲಿದ್ದಾರೋ ಕಾಣೆ. ಅದು ಸಲೀಸಾದ ಕೆಲಸ, ಏಕೆಂದರೆ ಹತ್ತಾರು ಪದಾರ್ಥಗಳ ಗದ್ದಲದಲ್ಲಿ ಹುಳಿ ಯಾವುದೆಂದು ಯಾರೂ ಕೇಳುವುದಿಲ್ಲ. ಕೇಳುವುದೆಲ್ಲ ರಾಮನವಮಿಗೆ.

ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ಅವ್ವ ಹುಣಸೆ ಪಕ್ಷ. ಮಾಘ ಫಾಲ್ಗುಣದಲ್ಲಿ ಹೊಸ ಹುಣಸೆ ಬಂದೊಡನೆ ಕುಟ್ಟಿ, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಗಡಿಗೆಗೆ ತುಂಬಿ ಬಾಯಿ ಕಟ್ಟಿಡುವವಳು ಅವಳು. ಕಾಕಾ ಲಿಂಬೆ ಪಕ್ಷ. ಅವನ ನಿಷ್ಠೆಗೆ ಕಾರಣ ಹಿತ್ತಲಲ್ಲಿ ಅವನು ನೆಟ್ಟ ಲಿಂಬೆ ಗಿಡ. ಏಪ್ರಿಲ್‌ನಲ್ಲಿ ಪೇಟೆಯಲ್ಲಿ ಲಿಂಬೆಯ ದರ ಏರಿದಷ್ಟೂ ಅವನ ಎದೆ ಉಬ್ಬುತ್ತದೆ. ನನ್ನ ಹೆಂಡತಿ ಹಾನಗಲ್ಲಿನವಳು, ಮಾವಿನ ನಾಡಿನಿಂದ ಬಂದವಳು, ಆದ್ದರಿಂದ ಮಾವಿನಕಾಯಿ ಪಕ್ಷ. ಅವಳ ಪಾನಕ ನಿಜಕ್ಕೂ ರುಚಿ. ಕಾಯಿ ಕುದಿಸಿ, ತಿರುಳು ಕಿವುಚಿ, ಬೆಲ್ಲ, ಹುರಿದ ಜೀರಿಗೆ, ಒಂದಿಷ್ಟು ಪುದೀನ ಹಾಕಿ ಕೊಟ್ಟರೆ ಮಧ್ಯಾಹ್ನದ ಬಿಸಿಲೂ ಒಂದು ಗಳಿಗೆ ಅಂಗಳದಲ್ಲಿ ನಿಂತು ಹೋದೀತು. ಆದರೆ ಕುದಿಸಬೇಕು, ಅಂದರೆ ಒಲೆ ಹಚ್ಚಬೇಕು. ಒಲೆ ಹಚ್ಚಿದರೆ ಅದು ಪಾನಕವಲ್ಲ, ಅಡುಗೆ ಎಂಬುದು ಪಡಸಾಲೆಯ ತೀರ್ಪು. ಅವಳು ಮೇಲ್ಮನವಿಗೆ ಹೋಗಲಿಲ್ಲ. ‘ನಿಮ್ಮ ತೀರ್ಪು ನೀವ ಕುಡೀರಿ’ ಎಂದು ಒಳಗೆ ಹೋಗಿ ಕೋಸಂಬರಿಗೆ ಹೆಸರುಬೇಳೆ ನೆನೆಯಿಟ್ಟಳು.

ಉಳಿದದ್ದು ಲಿಂಬೆ, ಹುಣಸೆ. ಲಿಂಬೆ ಇವತ್ತು ಕೊಯ್ದದ್ದು, ಹುಣಸೆ ಹೋದ ವರ್ಷದ್ದು ಎಂದು ಕಾಕಾನ ವಾದ. ಲಿಂಬೆ ಹಿಂಡಿ ಬಹಳ ಹೊತ್ತು ಇಟ್ಟರೆ ಕಹಿ ಬಿಡುತ್ತದೆ, ಹುಣಸೆ ಕೊಟ್ಟ ಮಾತಿಗೆ ನಿಲ್ಲುತ್ತದೆ ಎಂದು ಅವ್ವ. ನಾನು ಸಿಟ್ರಿಕ್ ಆಮ್ಲ, ಟಾರ್ಟಾರಿಕ್ ಆಮ್ಲ ಎಂದು ಶುರು ಮಾಡಿದೆ. ಆಮ್ಲ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ‘ದೇವರ ಕೆಲಸದಾಗ ಆ್ಯಸಿಡ್ ಮಾತ್ಯಾಕ’ ಎಂದು ಇಬ್ಬರೂ ಒಂದಾಗಿ ನನ್ನ ಮೇಲೆ ಬಂದರು. ಆಗ ಕನಕದಾಸರ ಮೊರೆ ಹೋಗಬೇಕಾಯಿತು. ಅವರ ‘ರಾಮಧಾನ್ಯಚರಿತ್ರೆ’ಯಲ್ಲಿ ಅಕ್ಕಿ, ರಾಗಿ ತಮ್ಮಲ್ಲಿ ಯಾರು ಮೇಲೆಂದು ಜಗಳಕ್ಕೆ ಬಿದ್ದಾಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿದೆ. ‘ಹಂಗ ಲಿಂಬಿ, ಹುಣಸಿ ಎರಡನ್ನೂ ಗಡಿಗ್ಯಾಗ ಹಾಕಿ ಆರು ತಿಂಗಳು ಬಾಯಿ ಕಟ್ಟೂಣು’ ಎಂದೆ. ಲಿಂಬೆ ಒಣಗಿ ಕಪ್ಪಾಗಿ ಕಲ್ಲಾಗುತ್ತದೆ, ಹುಣಸೆಗೆ ಹುಳಿ ಒಂದಿಷ್ಟೂ ತಗ್ಗುವುದಿಲ್ಲ. ಅವ್ವನ ಮುಖ ಅರಳಿತು.

ಕಾಕಾ ಸುಲಭಕ್ಕೆ ಬಗ್ಗುವವನಲ್ಲ. ‘ನಿಮ್ಮ ಹುಣಸಿಗೆ ಉಪ್ಪು ಹಾಕಿ ಜೈಲಿಗೆ ಕಳಸ್ತೀರಿ, ನಮ್ಮ ಲಿಂಬಿನ್ನ ಬರಿಗೈಲೆ ಕಳಸ್ತೀರಿ. ಉಪ್ಪು ಹಾಕ್ರಿ, ಆರು ತಿಂಗಳಿಗೆ ಉಪ್ಪಿನಕಾಯಿ ಆಗಿ ಬರ್ತೈತಿ. ಅದು ಶಿಕ್ಷಾ ಅಲ್ಲೋ, ಬಡ್ತಿ’ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅಷ್ಟರಲ್ಲಿ ಅವ್ವ ಗಡಿಗೆಯ ಬಾಯಿ ಬಿಚ್ಚಿಯಾಗಿತ್ತು. ಕೈಯಲ್ಲಿ ಗಡಿಗೆ ಇದ್ದವರ ಕಡೆಗೇ ನ್ಯಾಯ ಎನ್ನುವುದು ಯಾವ ಕೋರ್ಟಿಗೂ ಗೊತ್ತಿರುವ ವಿಚಾರ.

ಗೆದ್ದ ಹುರುಪಿನಲ್ಲಿ ಅವ್ವ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ಹೇಳಿದಳು: ‘ತಂಗಿ, ಲೀಟರ್ ನೀರಿಗೆ ಒಂದು ಲಿಂಬಿಹಣ್ಣಿನಷ್ಟು ಹುಣಸಿ ನೆನಿ ಹಾಕು.’

ಕಾಕಾ ಕೂತಲ್ಲಿಂದ ಎದ್ದೇಬಿಟ್ಟ. ‘ನೋಡಿದ್ರ್ಯಾ? ಹಾಕೂದು ಹುಣಸಿ, ಅಳತಿಗೆ ಲಿಂಬಿ! ನಮ್ಮ ಹೆಸರಿಲ್ಲದ ನಿಮ್ಮ ಪಾನಕ ಆಗೂದಿಲ್ಲ ವೈನಿ.’ ಮೊಮ್ಮಗಳು ಎಲ್ಲವನ್ನೂ ಲೆಕ್ಕ ಹಾಕಿ ಮಾಡುವವಳು. ‘ಯಾವ ಸೈಜಿನ ಲಿಂಬೆ ಅಜ್ಜಿ?’ ಎಂದು ಕೇಳಿದಳು. ಕಾಕಾ ಸರಸರನೆ ಹಿತ್ತಲಿಗೆ ಹೋಗಿ ಮಾದರಿಗೆಂದು ಒಂದು ಹಣ್ಣು ತಂದ. ಇಡೀ ಗಿಡದಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಅದರಳತೆಗೆ ಹುಣಸೆ ಹಾಕಿದ್ದರೆ ಆ ಪಾನಕ ಕುಡಿದವರು ರಾಮನವಮಿಯಿಂದ ಹನುಮ ಜಯಂತಿಯವರೆಗೆ ಹಲ್ಲು ಕಿರಿಯುತ್ತಲೇ ಇರಬೇಕಾಗುತ್ತಿತ್ತು. ಅವ್ವ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ‘ಇದು ಲಿಂಬಿ ಅಲ್ಲಪಾ, ಗಜಲಿಂಬಿ’ ಎಂದು ತನ್ನ ಸೀರೆಯ ಉಡಿಯಲ್ಲಿ ಹಾಕಿಕೊಂಡಳು. ಮರುದಿನ ಅದು ಚಿತ್ರಾನ್ನವಾಯಿತು ಎಂಬುದು ಬೇರೆ ಮಾತು.

ಹುಣಸೆ ನೆನೆಯಲು ಬೆಚ್ಚನೆ ನೀರು ಬೇಕು. ಒಲೆ ಹಚ್ಚಬಾರದಲ್ಲ, ಹಿಂಡಾಲಿಯಮ್ ಪಾತ್ರೆಯಲ್ಲಿ ನೀರು ತುಂಬಿ ಅಂಗಳದಲ್ಲಿಟ್ಟೆವು. ನಮ್ಮ ಸೂರ್ಯ ಆ ಕೆಲಸವನ್ನು ಬೇಗನೆ ಮುಗಿಸಿದ. ಬೆಲ್ಲ ಕಪ್ಪಗಿನದು. ಅಂಗಡಿಯವನು ತೋರಿಸುವ ಹಳದಿ ಬೆಲ್ಲ ಕಣ್ಣಿಗೆ ಚೆಂದ, ಆದರೆ ಆ ಚೆಲುವು ಹೈಡ್ರೋಸ್ ಎಂಬ ರಾಸಾಯನಿಕದ ಕೃಪೆ. ಕಪ್ಪು ಬೆಲ್ಲವನ್ನು ಲೀಟರಿಗೆ 150ರಿಂದ 200 ಗ್ರಾಂ ಲೆಕ್ಕದಲ್ಲಿ ಕುಟ್ಟಿ ನೆನೆಯಿಟ್ಟು, ಹಳೆಯ ಧೋತರದ ತುಂಡಿನಲ್ಲಿ ಸೋಸಿದಾಗ ಬಟ್ಟೆಯಲ್ಲಿ ಉಳಿದದ್ದು ಕಬ್ಬಿನ ನಾರು, ಸಣ್ಣ ಹರಳು, ಸಿಹಿಗೆ ಪ್ರಾಣ ಕೊಟ್ಟ ಎರಡು ಇರುವೆ. ಹತ್ತು ಕಾಳು ಮೆಣಸು, ಒಂದು ತುಂಡು ಒಣಶುಂಠಿ ಕಲಬತ್ತಿನಲ್ಲಿ ಪುಡಿಯಾದವು. ಉಳಿದದ್ದು ಏಲಕ್ಕಿ.

ಇಲ್ಲಿ ನನ್ನ ಮಾನದ ಪ್ರಶ್ನೆ ಬರುತ್ತದೆ. ಹಾವೇರಿ ಜಿಲ್ಲೆಯಲ್ಲಿ ಸನ್ಮಾನವೆಂದರೆ ಏಲಕ್ಕಿ ಹಾರ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ, ಹಾರವಾಗಿ ಕೊರಳಿಗೆ ಬೀಳುವುದು ಹಾವೇರಿಯದಾಗಿ. ನಿವೃತ್ತಿಯ ದಿನ ನನಗೂ ಒಂದು ಬಿದ್ದಿತ್ತು. ಬಣ್ಣದ ದಾರ, ನಡುನಡುವೆ ಮಣಿ, ಹೊಳೆಯುವ ಕುಚ್ಚು. ಗಾಜಿನ ಕಪಾಟಿನಲ್ಲಿ ನೇತು ಹಾಕಿದ್ದೆ. ಪಾಯಸಕ್ಕೊಂದು, ಹೋಳಿಗೆಗೆರಡು ಎಂದು ಹೆಂಡತಿ ಹಿಂದಿನ ಸಾಲಿನಿಂದ ಬಿಚ್ಚುತ್ತ ಬಂದದ್ದು ನನಗೆ ತಿಳಿದದ್ದೇ ತಡವಾಗಿ. ಮುಂದಿನಿಂದ ನೋಡಿದರೆ ಹಾರ ಪೂರ್ತಿ, ತಿರುಗಿಸಿದರೆ ಬರೀ ದಾರ. ಅಂದು ಅವಳು ಕತ್ತರಿ ಹಿಡಿದು ಕಪಾಟಿನ ಕಡೆ ಹೊರಟಾಗ, ‘ಅದು ಮೂವತ್ತು ವರ್ಷದ ಸೇವಾಕ್ಕ ಕೊಟ್ಟಿದ್ದು’ ಎಂದೆ. ‘ರಾಮಗ ಹೊಂಟೈತಿ, ಇನ್ನೂ ಎಲ್ಲೀ ಸೇವಾ ಬೇಕ್ರಿ ನಿಮಗ’ ಎಂದು ನಾಲ್ಕು ಬಿಚ್ಚಿದಳು. ಸಿಪ್ಪೆ ಸುಲಿದಾಗ ಒಳಗಿನ ಕಾಳು ಇನ್ನೂ ಕಪ್ಪಗೆ, ಅಂಟಂಟಾಗಿತ್ತು. ಕಲಬತ್ತಿನ ಒಂದೇ ಏಟಿಗೆ ಪಡಸಾಲೆವರೆಗೆ ಘಮ. ಸಭೆಯಲ್ಲಿ ಕೊರಳಲ್ಲಿದ್ದಾಗ ಅದು ಇಷ್ಟು ಘಮಘಮಿಸಿರಲಿಲ್ಲ.

ಮೊಮ್ಮಗಳ ಕೊಡುಗೆ ಕಾಮಕಸ್ತೂರಿ ಬೀಜ. ಸಾಸಿವೆಗಿಂತ ಸಣ್ಣ ಕರಿ ಬೀಜ, ಕಾಲು ತಾಸು ನೀರಲ್ಲಿಟ್ಟರೆ ಸುತ್ತ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ಇಣುಕಿ ನೋಡಿದ ಪಕ್ಕದ ಮನೆಯ ಹುಡುಗ ‘ಕಪ್ಪಿ ಮೊಟ್ಟಿ ಇದ್ದಂಗ ಅದಾವ’ ಎಂದು ಕೂಗಿದ. ಅಲ್ಲಿಗೆ ಅದರ ರಾಜಕೀಯ ಭವಿಷ್ಯ ಮುಗಿಯಿತು. ಪುದೀನಕ್ಕೆ ‘ಅದು ಚಟ್ನಿ ಸೊಪ್ಪು’ ಎಂದು ಟಿಕೆಟ್ ನಿರಾಕರಿಸಲಾಯಿತು. ತುಳಸಿ ಅವಿರೋಧವಾಗಿ ಆಯ್ಕೆಯಾಯಿತು.

ಎಲ್ಲ ಹರವಿಗೆ ಬಿತ್ತು. ಮಣ್ಣಿನ ಹರವಿ ಬೆವರಿದಷ್ಟು ಒಳಗಿನದು ತಂಪು. ನಮ್ಮ ಕಡೆಯ ಒಣ ಗಾಳಿ ಆ ಬೆವರನ್ನು ನೆಕ್ಕಿಕೊಂಡು ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಹರವಿಯ ಆಟ ಇಷ್ಟು ನಡೆಯುವುದಿಲ್ಲ. ಬಿಸಿಲಿನಿಂದ ನಮಗೆ ಆಗುವ ಲಾಭ ಬಹುಶಃ ಇದೊಂದೇ.

ಆದರೆ ನಿಜವಾದ ಪರೀಕ್ಷೆ ಈಗ. ರಾಮ ಹುಟ್ಟಿದ್ದು ಮಟಮಟ ಮಧ್ಯಾಹ್ನ. ದೇವರಿಗೆ ಎಡಿ ಆಗುವವರೆಗೆ ಯಾರೂ ನಾಲಗೆಗೆ ಒಂದು ಹನಿ ತಾಗಿಸುವಂತಿಲ್ಲ. ಅಂದರೆ ಇಷ್ಟೆಲ್ಲ ಪಾಂಡಿತ್ಯ ರುಚಿ ನೋಡದೆಯೇ! ಸಿಹಿ ಸಾಕೇ, ಉಪ್ಪು ಬಿತ್ತೇ, ಎಲ್ಲವೂ ಊಹೆ. ಕಾಕಾ ಹರವಿಯ ಬಾಯಿಗೆ ಮೂಗು ಹಿಡಿದು ‘ಹುಳಿ ಮುಂದ ಐತಿ’ ಎಂದ. ಮೂಸುವುದೂ ಎಂಜಲಿಗೆ ಸಮ ಎಂದು ಅವ್ವ ಅವನನ್ನು ಹಿಂದೆ ಸರಿಸಿದಳು. ಅವಳದು ಬೇರೆ ವಿದ್ಯೆ. ಸೌಟಿನಿಂದ ಎತ್ತರಕ್ಕೆ ಎತ್ತಿ ಸುರಿದು, ಧಾರೆಯ ಬಣ್ಣ ನೋಡಿ, ಬೀಳುವ ಸದ್ದು ಕೇಳಿ, ಇನ್ನೊಂದು ಮುಷ್ಟಿ ಬೆಲ್ಲ ಹಾಕಿದಳು. ನಾನು ಸಾಂದ್ರತೆಯ ಬಗ್ಗೆ ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿದೆ.

ಎಡಿಯಾಯಿತು. ಮೊದಲ ಲೋಟ ಕುಡಿದ ಅವ್ವ ಏನೂ ಹೇಳಲಿಲ್ಲ, ಎರಡನೆಯದಕ್ಕೆ ಲೋಟ ಚಾಚಿದಳು. ಕಾಕಾ ಮೂರು ಲೋಟ ಕುಡಿದು, ಮೀಸೆ ಒರೆಸಿಕೊಂಡು, ‘ಲಿಂಬಿ ಇರಬೇಕಿತ್ತು’ ಎಂದ. ಕಟ್ಟೆಯ ಮೇಲೆ ಹರವಿಯಿಟ್ಟು ಹೋಗಿಬರುವವರಿಗೆ ಕೊಡತೊಡಗಿದೆವು. ಮೂರು ಹನುಮಪ್ಪರ ಅವಸರದವರು ಕಾರಿನ ಕಿಟಕಿಯಿಂದಲೇ ಕೈ ಚಾಚಿ ಕುಡಿದು ಹೋದರು. ಅಷ್ಟರಲ್ಲಿ ಬ್ಯಾಡಗಿಯ ಕಡೆಯಿಂದ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. ಇಳಿದ ರೈತನ ಕಣ್ಣು ಕೆಂಪು, ಅಂಗಿಯೂ ಕೆಂಪು, ಪೇಟೆಯ ಘಾಟನ್ನು ಮೈಮೇಲೆ ಹೊತ್ತುಕೊಂಡೇ ಬಂದಿದ್ದ. ನಾವೆಲ್ಲ ಒಮ್ಮೆ ಸೀನಿದೆವು. ಅವನು ಒಂದು ಲೋಟ ಗಟಗಟ ಕುಡಿದ. ಮತ್ತೊಂದು ಕುಡಿದ. ಮೂರು ಪಕ್ಷಗಳೂ ಅವನ ಮುಖವನ್ನೇ ನೋಡುತ್ತ ನಿಂತಿದ್ದೆವು.

ಅವನು ಲೋಟ ಬೋರಲು ಹಾಕಿ, ಸಂಕೋಚದಿಂದ ಕೇಳಿದ: ‘ಅಕ್ಕಾರ, ಗಂಟಲಾ ಉರಿಯಾಕತ್ತೈತ್ರಿ. ಒಂದೀಟು ಮಜ್ಜಿಗಿ ಇದ್ದರ ಕೊಡ್ರಿ.’

ನಾನು ಕೇಸೀನ್ ಎಂದು ಹೇಳಲು ಎರಡು ಹೆಜ್ಜೆ ಮುಂದೆ ಬಂದೆ. ಹೆಂಡತಿ ಆಗಲೇ ಒಳಗಿನಿಂದ ತಂಬಿಗೆ ಹಿಡಿದು ಬಂದಿದ್ದಳು. ಕಾಕಾ ಕಟ್ಟೆಯಿಂದ ಕೆಳಗಿಳಿದು ತಂಬಿಗೆಯೊಳಗೆ ಇಣುಕಿದ.

‘ಇದಕ್ಕ ಹಸಿ ಶುಂಠಿ ಹಾಕೀರೋ, ಬರೀ ಕೊತ್ತಂಬ್ರಿನೋ?’