ಶ್ರೀಮಾನ್ ಪರ್‌ಹೆಡ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪರ್‌ಹೆಡ್ ಅವರೇ,

ತಾವು ಯಾರು, ಯಾವ ಊರಿನವರು, ತಮ್ಮ ಮುಖ ಹೇಗಿದೆ ಎಂಬುದು ಬೆಂಗಳೂರಿನ ಯಾವ ಆಫೀಸಿನವರಿಗೂ ಗೊತ್ತಿಲ್ಲ. ಆದರೂ ಕಂಪನಿಯ ವರ್ಷಾಂತ್ಯದ ಪಾರ್ಟಿ ಹತ್ತಿರ ಬಂತೆಂದರೆ ಎಲ್ಲರ ಬಾಯಲ್ಲೂ ತಮ್ಮದೇ ಜಪ. ಬಾರ್ ಕೌಂಟರನ್ನು ವ್ಯಾನಿನಲ್ಲಿ ಹೇರಿಕೊಂಡು ಬರುವ ಇವೆಂಟ್‌ನವರು "ಪರ್‌ಹೆಡ್ ಇಷ್ಟಾಗುತ್ತೆ ಸಾರ್" ಅನ್ನುತ್ತಾರೆ. ನಮ್ಮ ಹಣಕಾಸು ಮುಖ್ಯಸ್ಥರು "ಪರ್‌ಹೆಡ್ ಇನ್ನೂ ಇಳಿಸಿ" ಅನ್ನುತ್ತಾರೆ. ಇಬ್ಬರೂ ತಮ್ಮನ್ನು ಕಂಡವರಲ್ಲ. ನಡುವೆ ಸಿಕ್ಕಿಕೊಂಡಿರುವ ಅಡ್ಮಿನ್ ವಿಭಾಗದ ನಾನೂ ಕಂಡಿಲ್ಲ. ಆದರೆ ಕೊಟೇಶನ್ನು ಓದಿ ಓದಿ ತಮ್ಮ ಗುಣಸ್ವಭಾವ ನನಗೆ ಬಾಯಿಪಾಠವಾಗಿದೆ.

ಎಂಥ ಸದ್ಗುಣಿಗಳು ತಾವು! ಏಳು ಗಂಟೆ ಅಂದರೆ ಏಳಕ್ಕೇ ಹಾಜರು. ಮೊದಲ ಗಂಟೆಯಲ್ಲಿ ಎರಡು, ಆಮೇಲೆ ಗಂಟೆಗೊಂದು. ಮೂರು ಗಂಟೆಯ ಪಾರ್ಟಿಗೆ ಲೆಕ್ಕ ಹಾಕಿದಂತೆ ನಾಲ್ಕೇ ಡ್ರಿಂಕು. ಐದನೆಯದಕ್ಕೆ ತಾವು ಕೈ ಚಾಚಿದ್ದಿಲ್ಲ. ಚೆಲ್ಲುವುದಿಲ್ಲ, ಗ್ಲಾಸು ಒಡೆಯುವುದಿಲ್ಲ, ಅರ್ಧ ಕುಡಿದ ಬಿಯರನ್ನು ಹೂಕುಂಡದ ಪಕ್ಕ ಮರೆತು ಹೊಸದು ಕೇಳುವುದಿಲ್ಲ. "ನಂದು ಅದಲ್ಲ, ಸ್ಕಾಚ್ ಎಲ್ಲಿ?" ಎಂದು ಬಾರ್‌ಟೆಂಡರನ ಮೇಲೆ ರೇಗುವುದಿಲ್ಲ. ತಮ್ಮಂಥವರು 250 ಮಂದಿ ಇದ್ದುಬಿಟ್ಟರೆ ಲೆಕ್ಕ ಎಷ್ಟು ಸಲೀಸು ನೋಡಿ. ತಲೆಗೆ ನಾಲ್ಕರಂತೆ 1,000 ಡ್ರಿಂಕು. ಅರ್ಧ ವಿಸ್ಕಿ, ರಮ್ಮು, ವೋಡ್ಕಾ ಎಂದಿಟ್ಟುಕೊಳ್ಳಿ, 500 ಪೆಗ್ಗು. 750 ಎಂಎಲ್ ಬಾಟಲಿಗೆ 60 ಎಂಎಲ್‌ನ ಲಾರ್ಜ್ ಹನ್ನೆರಡು, ಹಾಗಾಗಿ 42 ಬಾಟಲಿ. ಬಿಯರು 350 ಪೈಂಟು. ಉಳಿದ 150 ಗ್ಲಾಸು ವೈನು, ಬಾಟಲಿಗೆ ಐದು ಗ್ಲಾಸಿನಂತೆ 30 ಬಾಟಲಿ. ಎಕ್ಸೆಲ್ ಹಾಳೆಯಲ್ಲಿ ಇದನ್ನು ತುಂಬಿಸಿದಾಗ ನಮ್ಮ ಹಣಕಾಸು ಮುಖ್ಯಸ್ಥರ ಮುಖದಲ್ಲಿ ಮೂಡಿದ ಶಾಂತಿಯನ್ನು ತಾವು ಕಾಣಬೇಕಿತ್ತು.

ತೊಂದರೆ ಏನೆಂದರೆ, ಪಾರ್ಟಿಗೆ ತಾವು ಬರುವುದಿಲ್ಲ. ತಮ್ಮ ಬದಲಿಗೆ ನಮ್ಮ ಸ್ಟಾಫ್ ಬರುತ್ತಾರೆ.

ಅವರ ವಿಚಾರ ಎಕ್ಸೆಲ್‌ನಲ್ಲಿ ಸಿಗುವುದಿಲ್ಲ, ಪಂಚಾಂಗದಲ್ಲಿ ಸಿಗುತ್ತದೆ. ಪಾರ್ಟಿ ಶನಿವಾರ ಬಿತ್ತೋ, ತಿಮ್ಮಪ್ಪನ ಒಕ್ಕಲಿನವರು ಪನೀರಿನ ಕಡೆ ತಿರುಗುತ್ತಾರೆ. ಗುರುವಾರವಾದರೆ ರಾಯರ ಭಕ್ತರು ಇಲ್ಲ. ಶ್ರಾವಣದಲ್ಲಿ ಪಾರ್ಟಿ ಇಟ್ಟವರಿಗೆ ನಾನು ಹೇಳುವುದು ಏನೂ ಇಲ್ಲ. ಡಿಸೆಂಬರ್ ಅಂದರೆ ಅಯ್ಯಪ್ಪ ಮಾಲೆಯ ಕಾಲ. ನಲವತ್ತೊಂದು ದಿನದ ವ್ರತ. ಕಳೆದ ಪಾರ್ಟಿಯಲ್ಲಿ ಹಾಡು ನಿಲ್ಲುವ ತನಕ ಕುಣಿದ ಸೇಲ್ಸ್‌ನ ಹುಡುಗ ಈ ಸಲ ಕಪ್ಪು ಪಂಚೆ ಉಟ್ಟು, ಬರಿಗಾಲಲ್ಲಿ ಹುಲ್ಲುಹಾಸಿನ ಅಂಚಿಗೆ ನಿಂತು, ಬಾಳೆಹಣ್ಣು ಸಿಗುತ್ತದೆಯೇ ಎಂದು ಕೇಳುತ್ತಿರುತ್ತಾನೆ. ಬಾರ್‌ಟೆಂಡರ್ ಕೂಡ ಅವನಿಗೆ "ಸ್ವಾಮಿ, ಬರೀ ಲೈಮ್ ಸೋಡಾನಾ?" ಎಂದು ಮರ್ಯಾದೆಯಿಂದಲೇ ಕೇಳುತ್ತಾನೆ. ಅವನ ಪಾಲಿನ ನಾಲ್ಕು ಡ್ರಿಂಕಿನ ದುಡ್ಡು ಕಟ್ಟಿಯಾಗಿದೆ. ಅಕೌಂಟ್ಸ್‌ನ ಮೇಡಂ ಹುಟ್ಟಿದಾಗಿನಿಂದ ಮದ್ಯದ ವಾಸನೆಗೂ ನಿಂತವರಲ್ಲ, ಅವರದ್ದೂ ಕಟ್ಟಿಯಾಗಿದೆ. ಅಷ್ಟೂ ಹೋಗಿ ಸೇರುವುದು ಯಾರ ಹೊಟ್ಟೆಗೆ ಎಂಬುದನ್ನು ಮುಂದಿನ ಸೋಮವಾರ ಹನ್ನೊಂದರ ಮೀಟಿಂಗಿಗೆ ಯಾರು ಬಂದಿಲ್ಲ ಎಂದು ನೋಡಿ ತಿಳಿಯಬಹುದು.

ಕುಡಿಯದವರಿಗೆ ಏನು ವ್ಯವಸ್ಥೆ ಎಂದು ಕಳೆದ ಸಲ ನಾನು ಕೇಳಿದ್ದೆ. ಕೊಟೇಶನ್ನಿನಲ್ಲಿ "ಮಾಕ್‌ಟೇಲ್, ಫ್ರೀ" ಎಂದು ಬರೆದಿತ್ತು. ಬಂದದ್ದು ಸ್ಪ್ರೈಟಿಗೆ ನೀಲಿ ಸಿರಪ್ ಸುರಿದು, ಬಾಡಿದ ಪುದೀನ ಎಲೆ ಒಂದನ್ನು ತೇಲಿಬಿಟ್ಟ ದ್ರವ. ಪೇಪರ್ ಕಪ್ಪಿನಲ್ಲಿ. ಗಾಜಿನ ಗ್ಲಾಸು ಕುಡಿಯುವವರಿಗೆ ಮಾತ್ರ ಎಂದು ಪ್ಯಾಕೇಜಿನಲ್ಲಿದೆಯಂತೆ. ಮೇಡಂ ಅದನ್ನು ಒಂದು ಗುಟುಕು ಕುಡಿದು, ಬಾಟಲಿ ನೀರು ಹಿಡಿದುಕೊಂಡು ಕೂತರು.

ಇನ್ನು ಆ ಕೌಂಟರಿನ ವಿಚಾರ. ನಮ್ಮ ಬಜೆಟ್ಟಿನಲ್ಲಿ ಯಾರೂ ಕತ್ತರಿ ಹಾಕದ ಐಟಂ ಅದೊಂದೇ. ಬಣ್ಣ ಬದಲಿಸುವ ಎಲ್‌ಇಡಿ ಕೌಂಟರು, ಅದರ ಮುಂಭಾಗದಲ್ಲಿ ಕಂಪನಿಯ ಲೋಗೋ, ಬಾಟಲಿಯನ್ನು ಗಾಳಿಗೆಸೆದು ಹಿಡಿಯುವ ಇಬ್ಬರು ಫ್ಲೇರ್ ಬಾರ್‌ಟೆಂಡರುಗಳು. ಫೋಟೋ ಚೆನ್ನಾಗಿ ಬರುತ್ತದೆ. ಲಿಂಕ್ಡ್‌ಇನ್‌ಗೆ ಹಾಕಲು ಬೇಕಲ್ಲ. ಒಬ್ಬ ಬಾರ್‌ಟೆಂಡರ್ ನೆಟ್ಟಗೆ ಸುಧಾರಿಸುವುದು ಸುಮಾರು 50 ಜನರನ್ನು. 250 ಜನಕ್ಕೆ ಐವರು ಬೇಕು. ಬಾಟಲಿ ಎಸೆಯುವ ಇಬ್ಬರು ಬಂದರೆ ಬಗ್ಗಿಸುವವರು ಮೂವರು ಸಾಕು ಎಂದು ತೀರ್ಮಾನವಾಯಿತು. ಎಸೆಯುವವರು ಪೆಗ್ ಮೆಷರ್ ಮುಟ್ಟುವುದು ತಮ್ಮ ಕಲೆಗೆ ಅವಮಾನ ಎಂದು ತಿಳಿದವರು. ಕೈ ಅಳತೆಯಲ್ಲಿ 60 ಎಂಎಲ್ ಎನ್ನುವುದು 75 ಆದರೆ ಬಾಟಲಿಗೆ ಹತ್ತೇ ಪೆಗ್ಗು. 42 ಬಾಟಲಿಯ ಕೆಲಸಕ್ಕೆ 50 ಬಾಟಲಿ. ಎಂಟು ಬಾಟಲಿ ಗಾಳಿಯಲ್ಲಿ ತಿರುಗಿ ತಿರುಗಿಯೇ ಖರ್ಚಾಯಿತು ಎನ್ನಬೇಕು. ನೂರಿನ್ನೂರು ರೂಪಾಯಿಗೆ ಸಿಗುವ ಸ್ಟೀಲಿನ ಮೆಷರನ್ನು ಕಡ್ಡಾಯವಾಗಿ ಬಳಸಬೇಕು ಎಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ ಅಂದೆ. "ಚೀಪ್ ಅನ್ನಿಸುತ್ತೆ" ಎಂಬ ಉತ್ತರ ಬಂತು.

ಅದೇ ಕೌಂಟರಿನ ಹಿಂದೆ, ಪರದೆಯ ಆಚೆ, ತಾವು ಎಂದೂ ಇಣುಕದ ಒಂದು ಜಾಗವಿದೆ. ಅಲ್ಲಿ ಗೋಣಿಚೀಲದಲ್ಲಿ ಸುತ್ತಿದ ಐಸ್ ಬ್ಲಾಕನ್ನು ಒಬ್ಬ ಹುಡುಗ ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೀಲಿ ಡ್ರಮ್ಮಿಗೆ ತುಂಬುತ್ತಿರುತ್ತಾನೆ. ಅದು ಬಾಟಲಿ ತಣ್ಣಗಾಗಿಸಲು. ಗ್ಲಾಸಿಗೆ ಹಾಕುವ ಕ್ಯೂಬ್ ಬೇರೆಯೇ ಬರಬೇಕು, ಸೀಲ್ ಆದ ಪೊಟ್ಟಣದಲ್ಲಿ, ಕುಡಿಯುವ ನೀರಿನದು. ಎರಡೂ ಸೇರಿ ತಲೆಗೆ ಒಂದು ಕೇಜಿ ಹಿಡಿಯಬೇಕು ಎನ್ನುವುದು ಈ ಕಸುಬಿನವರ ಮಾತು. ಅಂದರೆ ಕಾಲು ಟನ್. "ಐಸಿಗೆ ಇಷ್ಟೊಂದಾ? ನೀರು ತಾನೇ?" ಎಂದು ಹಣಕಾಸು ಮುಖ್ಯಸ್ಥರು ಕಳೆದ ಸಲ ಅರ್ಧಕ್ಕೆ ಇಳಿಸಿದರು. ಎಂಟೂವರೆಗೆ ಕ್ಯೂಬ್ ಮುಗಿಯಿತು. ಬಿಯರು ಬೆಚ್ಚಗಾಯಿತು. ಡ್ರಮ್ಮಿನ ಐಸು ಗ್ಲಾಸಿನೊಳಗೆ ಬಂತೋ ಇಲ್ಲವೋ, ನಾನು ನೋಡಲಿಲ್ಲ. ನೋಡಬಾರದು ಎಂದೇ ಆ ಕಡೆ ಹೋಗಲಿಲ್ಲ. ಬೆಚ್ಚನೆಯ ಬಿಯರು ಕುಡಿಯಲಾರದವರೆಲ್ಲ ವಿಸ್ಕಿಗೆ ಬಂದರು, ಐಸಿನಲ್ಲಿ ಉಳಿಸಿದ್ದು ಬಾಟಲಿಯಲ್ಲಿ ಹೋಯಿತು.

ಕಾನೂನಿನ ಕಡೆಗೂ ಸ್ವಲ್ಪ ಗಮನ ಕೊಡಿ. ಬಾರ್ ಕೌಂಟರು ಚಕ್ರದ ಮೇಲೆ ಬರಬಹುದು, ಲೈಸೆನ್ಸು ಹಾಗೆ ಬರುವುದಿಲ್ಲ. ಹೋಟೆಲಿನಲ್ಲಿ ಪಾರ್ಟಿ ಮಾಡಿದರೆ ಅವರದೇ ಸಿಎಲ್-7 ಇರುತ್ತದೆ, ಅವರದೇ ಬಾಟಲಿ, ಅವರದೇ ದರ. ಅದು ದುಬಾರಿ ಎಂದೇ ತಾನೇ ನಾವು ದೇವನಹಳ್ಳಿ ಕಡೆಯ ಹುಲ್ಲುಹಾಸಿಗೆ ಹೋಗುವುದು? ಅಲ್ಲಿಗೆ ಅಬಕಾರಿ ಇಲಾಖೆಯ ಸಿಎಲ್-5 ಬೇಕು. ಆ ಜಾಗಕ್ಕೆ, ಆ ದಿನಕ್ಕೆ ಮಾತ್ರ ಕೊಡುವ ಸಾಂದರ್ಭಿಕ ಲೈಸೆನ್ಸು. ಅರ್ಜಿಗೆ ಒಂದು ಹೆಸರು ಬೇಕಲ್ಲ. ತಮ್ಮದನ್ನೇ ಕೊಡೋಣ ಎಂದುಕೊಂಡೆ, ತಮಗೆ ಆಧಾರ್ ಇಲ್ಲ. ಕೊನೆಗೆ ನನ್ನದೇ ಹೋಯಿತು. ನಮ್ಮ ಮನೆಯಲ್ಲಿ ಇನ್ನೂ ಹೇಳಿಲ್ಲ.

ಪ್ರತಿ ಪಾರ್ಟಿ ಕಮಿಟಿಯಲ್ಲೂ ಒಬ್ಬರಿರುತ್ತಾರೆ: "ನಮ್ಮ ಮಾವ ಆರ್ಮಿಯಲ್ಲಿದ್ರು, ಮಿಲ್ಟ್ರಿ ಸರಕು ತರಿಸೋಣ, ಅರ್ಧ ರೇಟು." ಇನ್ನೊಬ್ಬರು ಗೋವಾಕ್ಕೆ ಹೋಗುವ ಬಸ್ಸಿನ ಡ್ರೈವರನ್ನು ಬಲ್ಲವರು. ಎರಡೂ ಉಳಿತಾಯಗಳ ಕೊನೆ ಅಬಕಾರಿ ಕೇಸು. ಹಣಕಾಸು ಮುಖ್ಯಸ್ಥರಿಗೆ ಇದು ಅರ್ಥವಾಯಿತು. ಅವರ ಪ್ರಶ್ನೆ ಬೇರೆಯಿತ್ತು. ಇಷ್ಟೊಂದು ಬಾಟಲಿ ಒಟ್ಟಿಗೆ ಕೊಂಡರೆ ಸಗಟು ದರ ಯಾಕಿಲ್ಲ? ಕರ್ನಾಟಕದಲ್ಲಿ 2003ರಿಂದ ಮದ್ಯದ ಸಗಟು ವ್ಯಾಪಾರ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ, ನಿಗಮದ ಮುಂದೆ ನಮ್ಮ ಪರ್ಚೇಸ್ ವಿಭಾಗದ ಚೌಕಾಸಿ ನಡೆಯುವುದಿಲ್ಲ ಎಂದು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ತೆರಿಗೆಯ ವಿಷಯದಲ್ಲಿ ಮಾತ್ರ ಅವರಿಗೆ ನನಗಿಂತ ಹೆಚ್ಚು ನೋವು. ಕುಡಿಯುವ ಮದ್ಯ ಜಿಎಸ್‌ಟಿಯ ಆಚೆ. ಆದರೆ ಅದನ್ನು ಬಗ್ಗಿಸುವ ಕೈಗೆ, ಕೌಂಟರಿನ ಬಾಡಿಗೆಗೆ, ಬಣ್ಣದ ದೀಪಕ್ಕೆ ಜಿಎಸ್‌ಟಿ ಇದೆ. ಆಯಿತು, ಕ್ಯಾಟರಿಂಗ್ ಮೇಲೆ ಕಟ್ಟಿದ್ದನ್ನಾದರೂ ಇನ್‌ಪುಟ್ ಕ್ರೆಡಿಟ್ಟಿನಲ್ಲಿ ವಾಪಸ್ ಪಡೆಯೋಣವೆಂದರೆ, ಊಟ, ಪಾನೀಯ, ಹೊರಾಂಗಣ ಕ್ಯಾಟರಿಂಗಿಗೆಲ್ಲ ಕಾಯ್ದೆಯ 17(5)ನೇ ಕಲಮು ಬಾಗಿಲು ಹಾಕಿದೆ. ಇದರ ಮೇಲೆ ವಿಧಾನಸೌಧದ ಬಜೆಟ್ಟು ಬೇರೆ. 2023ರಲ್ಲಿ ಹೀಗೇ ಆಯಿತು. ಕಂಪನಿಗಳು ಏಪ್ರಿಲ್‌ನಲ್ಲೇ ವರ್ಷದ ಖರ್ಚಿಗೆ ಅಂಕೆ ಹಾಕಿ ಕೂತಿದ್ದವು. ಜುಲೈನಲ್ಲಿ ಬಂದ ರಾಜ್ಯ ಬಜೆಟ್ಟು ಮದ್ಯದ ಎಲ್ಲ ಸ್ಲ್ಯಾಬುಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಿತು, ಬಿಯರಿನದು ಶೇ. 175 ಇದ್ದದ್ದು 185ಕ್ಕೆ ಹೋಯಿತು. ಡಿಸೆಂಬರಿನ ಪಾರ್ಟಿಗೆ ಏಪ್ರಿಲ್‌ನ ದರ ಹಿಡಿದವರ ಗತಿಯನ್ನು ನಾನು ಬೇರೆ ಹೇಳಬೇಕೆ? ತಮ್ಮ ನಾಲ್ಕು ಡ್ರಿಂಕು ಮಾತ್ರ ನಾಲ್ಕೇ ಇತ್ತು.

ಬಾಟಲಿಯ ಸೀಲು ನಮ್ಮವರೊಬ್ಬರ ಕಣ್ಣೆದುರೇ ಒಡೆಯಬೇಕು, ರಾತ್ರಿ ಖಾಲಿ ಬಾಟಲಿ ಎಣಿಸಿ ಬಿಲ್ಲಿಗೆ ತಾಳೆ ನೋಡಬೇಕು, ಒಡೆಯದ ಬಾಟಲಿಯನ್ನು ಅಂಗಡಿಯವನು ವಾಪಸ್ ತಗೊಳ್ಳುತ್ತಾನೋ ಇಲ್ಲವೋ ಮೊದಲೇ ಮಾತಾಡಬೇಕು. ಇವೆಲ್ಲ ದುಡ್ಡಿಲ್ಲದೆ ಆಗುವ ಉಳಿತಾಯ. ಅದಕ್ಕೇ ಯಾರಿಗೂ ರುಚಿಸುವುದಿಲ್ಲ.

ಹತ್ತು ಗಂಟೆಗೆ ಬಯಲಿನ ಧ್ವನಿವರ್ಧಕ ನಿಲ್ಲಿಸಬೇಕು, ಅದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ತಾವು ಅಷ್ಟೊತ್ತಿಗೆ ಊಟ ಮುಗಿಸಿ ಕೈ ತೊಳೆದಿರುತ್ತೀರಿ. ನಮ್ಮವರಿಗೆ ಕುಣಿಯಲು ಹಾಡಿಲ್ಲದಾಗ ಮಾಡಲು ಇನ್ನೇನಿದೆ? ಕೌಂಟರಿಗೆ ಬರುತ್ತಾರೆ. ಮೂರು ಗಂಟೆಯ ಪ್ಯಾಕೇಜು ಮುಗಿದಿದೆ, ಇನ್ನು ಗಂಟೆಗಿಷ್ಟು ಎಂದು ಓವರ್‌ಟೈಮು. ಅದನ್ನು ಒಪ್ಪಲೇಬೇಕು, ಒಪ್ಪದಿರುವವರು ಯಾರು, ನಮ್ಮ ನಿರ್ದೇಶಕರೇ ಕೌಂಟರಿಗೆ ಒರಗಿ ನಿಂತು ಸ್ಟಾರ್ಟಪ್ ದಿನಗಳ ಕಥೆ ಹೇಳುತ್ತಿರುವಾಗ?

ಕೊನೆಗೆ ಕ್ಯಾಬು. ಬಜೆಟ್ಟಿನ ಮೊದಲ ಕರಡಿನಲ್ಲಿ ಅದು ಇತ್ತು. ಎರಡನೆಯದರಲ್ಲಿ "ಅಗತ್ಯವಿದ್ದರೆ" ಎಂದಾಯಿತು. ಮೂರನೆಯದರಲ್ಲಿ ಆ ಸಾಲೇ ಇಲ್ಲ, ಅದೇ ಮೊತ್ತಕ್ಕೆ ಎರಡನೇ ಫ್ಲೇರ್ ಬಾರ್‌ಟೆಂಡರ್ ಬಂದಿದ್ದಾನೆ. ತಮಗೆ ಇದರ ಕಷ್ಟ ಗೊತ್ತಾಗದು. ತಾವು ಎಲ್ಲಿಯೂ ವಾಸವಿಲ್ಲ. ನಮ್ಮವರು ಕೆಂಗೇರಿಯಲ್ಲಿದ್ದಾರೆ, ಹೊಸಕೋಟೆಯಲ್ಲಿದ್ದಾರೆ, ಅತ್ತಿಬೆಲೆಯಲ್ಲಿದ್ದಾರೆ. ದೇವನಹಳ್ಳಿಯಿಂದ ಬೈಕಿನಲ್ಲಿ ಹೊರಟರೆ ಏರ್‌ಪೋರ್ಟ್ ರಸ್ತೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದು ಪೊಲೀಸರು ಹಿಡಿದರೆ. ಪೊಲೀಸರು ಹಿಡಿಯಲಿ ಎಂದೇ ನಾನು ಆ ರಾತ್ರಿ ಹಾರೈಸುತ್ತೇನೆ. ಇಪ್ಪತ್ತು ಕ್ಯಾಬಿನ ಬಾಡಿಗೆ ಎಷ್ಟು, ಒಬ್ಬ ಹುಡುಗನ ಅಪ್ಪನಿಗೆ ಬೆಳಗಿನ ಜಾವ ಫೋನ್ ಮಾಡುವ ಕೆಲಸ ಯಾವ ವಿಭಾಗದ ಖರ್ಚಿಗೆ ಸೇರುತ್ತದೆ ಎಂದು ನಾಲ್ಕನೇ ಕರಡಿನ ಜೊತೆ ಬರೆದು ಕಳಿಸಿದ್ದೇನೆ. "ಟೋನ್ ಸರಿಯಿಲ್ಲ" ಎಂದು ಉತ್ತರ ಬಂದಿದೆ. ಕ್ಯಾಬಿನ ಬಗ್ಗೆ ಇನ್ನೂ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ. ಈ ಸಲವಾದರೂ ಬನ್ನಿ. ತಾವೇ ಖುದ್ದಾಗಿ, 250 ಮಂದಿಯಾಗಿ. ಬರಲಾಗದಿದ್ದರೆ, ಆ ಎಕ್ಸೆಲ್ ಹಾಳೆಯಿಂದ ತಮ್ಮ ಹೆಸರನ್ನು ತಾವೇ ವಾಪಸ್ ಪಡೆಯುವುದಾಗಿ ಹಣಕಾಸು ಮುಖ್ಯಸ್ಥರಿಗೆ ಒಂದು ಸಾಲು ಬರೆದರೂ ಸಾಕು. ಅವರು ತಮ್ಮ ಮಾತನ್ನು ಮಾತ್ರ ಕೇಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಅಡ್ಮಿನ್ ವಿಭಾಗದ ನೌಕರ
(ಸಿಎಲ್-5 ಅರ್ಜಿದಾರ)

ವಿ.ಸೂ.: ಇವೆಂಟ್‌ನವರಿಗೆ ಮಿನಿಮಮ್ ಗ್ಯಾರಂಟಿ ಸಂಖ್ಯೆ ಬುಧವಾರದೊಳಗೆ ತಿಳಿಸಬೇಕಂತೆ. ಆಮೇಲೆ ತಾವು ಬಂದರೂ ಬರದಿದ್ದರೂ ಬಿಲ್ಲು 250ಕ್ಕೇ.